ಮಳೆ ಹಿಡಿಯುವ ಮೊದಲೇ ಮಕ್ಕಳ ಕಾವಲಿಗೆ ದುಡ್ಡು ಎತ್ತಿಡೋಣ

ಶಿಕಾರಿಪುರ, ಸೊರಬ ತಾಲ್ಲೂಕಿನ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ,

ಕಷ್ಟ ಬಂದಾಗ ಕೈ ಕಟ್ಟಿ ಕೂರುವ ಜನ ನಾವಲ್ಲ. 2009ರಲ್ಲಿ ಉತ್ತರ ಕರ್ನಾಟಕ ಮುಳುಗಿತು, 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಜರಿಯಿತು, ಮಾರನೇ ವರ್ಷ ರಾಜ್ಯದ ಉದ್ದಗಲಕ್ಕೂ ನೆರೆ ಬಂತು, 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಮಣ್ಣುಪಾಲಾದವು. ಪ್ರತಿ ಸಲವೂ ಕನ್ನಡ ನಾಡಿನ ಊರೂರಿನಿಂದ ಅಕ್ಕಿ, ಚಾಪೆ, ಕಂಬಳಿ, ಬಟ್ಟೆ ಹೊರಟವು. ಆದರೆ ಅಲ್ಲಿನ ಮಕ್ಕಳನ್ನು ಕಾಯುವವರ ಸಂಬಳಕ್ಕೆಂದು ದುಡ್ಡು ಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ?

ನೆರೆ ಬಂದಾಗ ಮನೆ ಕಳೆದುಕೊಂಡವರಿಗೆ ಕಾಳಜಿ ಕೇಂದ್ರ ಎಲ್ಲಿ ತೆರೆಯುತ್ತಾರೆ? ಬಹಳ ಕಡೆ ಸರ್ಕಾರಿ ಶಾಲೆಯಲ್ಲಿ. ಅಂದರೆ ಮೊದಲ ದಿನವೇ ಮಕ್ಕಳಿಗೆ ಶಾಲೆ ಹೋಯಿತು. ಒಂದು ಕೊಠಡಿಯಲ್ಲಿ ನಾಲ್ಕಾರು ಮನೆಯವರು. ಅಪ್ಪ ಬಿದ್ದ ಮನೆಯ ಪಂಚನಾಮೆಗೆಂದು ಅಧಿಕಾರಿಗಳ ಹಿಂದೆ ಓಡಾಡುತ್ತಾನೆ, ಅಮ್ಮ ಉಳಿದ ಪಾತ್ರೆ-ಪಗಡ ಹುಡುಕಲು ಕೆಸರಿಗಿಳಿಯುತ್ತಾಳೆ. ಮಗು ಯಾರ ಕಣ್ಣಳತೆಯಲ್ಲಿದೆ? ಹದಿಮೂರರ ಹುಡುಗಿ ಕತ್ತಲಲ್ಲಿ ಶೌಚಾಲಯಕ್ಕೆ ಹೋಗುವಾಗ ಜೊತೆಗೆ ಯಾರು? ‘ನಾನು ಇವಳ ಸೋದರಮಾವ’ ಎಂದು ಬಂದವನು ಹೌದೋ ಅಲ್ಲವೋ ಎಂದು ವಿಚಾರಿಸುವವರು ಯಾರು? ನೀರು ಇಳಿದರೂ ಸಾಲ ಇಳಿಯುವುದಿಲ್ಲ. ಆ ಸಾಲದ ಬೆನ್ನಿಗೇ ಹುಡುಗಿಗೆ ಅವಸರದ ಮದುವೆ, ಹುಡುಗನಿಗೆ ದೂರದೂರಿನ ಹೋಟೆಲ್ ಕೆಲಸ ಗೊತ್ತಾಗುತ್ತವೆ. ಪರಿಹಾರದ ಕಡತದಲ್ಲಿ ಬಿದ್ದ ಗೋಡೆಗೆ, ಕೊಳೆತ ಭತ್ತಕ್ಕೆ, ಸತ್ತ ಎಮ್ಮೆಗೆ ದರ ಉಂಟು. ಹೆದರಿ ಮಾತು ನಿಲ್ಲಿಸಿದ ಮಗುವನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ?

ನೆರೆಯೊಂದೇ ಅಲ್ಲ. ಮಂಗನ ಕಾಯಿಲೆಗೆ ಅದರ ಇಂಗ್ಲಿಷ್ ಹೆಸರು ಕೊಟ್ಟ ಕ್ಯಾಸನೂರು ಕಾಡು ನಮ್ಮ ಸೊರಬದ್ದೇ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಆ ರೋಗ ಜಗತ್ತಿಗೆ ಗೊತ್ತಾಯಿತು. ಇಂದಿಗೂ ಬೇಸಿಗೆ ಬಂತೆಂದರೆ ಮಲೆನಾಡಿಗೆ ಅದನ್ನು ಹರಡುವ ಉಣುಗಿನ ಭಯ. ತರಗೆಲೆ ತರಲು ಕಾಡಿಗೆ ಹೋದ ತಾಯಿ ಜ್ವರ ಹಿಡಿದು ಮಣಿಪಾಲದ ಆಸ್ಪತ್ರೆ ಸೇರಿದಳು, ಅಪ್ಪ ಜೊತೆಗೆ ಹೋದ ಎನ್ನಿ. ಮನೆಯಲ್ಲಿ ಉಳಿದ ಇಬ್ಬರು ಮಕ್ಕಳ ಗತಿ? 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರವೇ ಸಾರಿತು. ಮೆಕ್ಕೆಜೋಳ ಒಣಗಿದರೆ ತಾಂಡಾದ ಸಂಸಾರಗಳು ಕಾಫಿ ತೋಟಕ್ಕೆ, ಕಬ್ಬು ಕಡಿಯಲಿಕ್ಕೆ ಗುಳೆ ಹೊರಡುತ್ತವೆ. ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರಷ್ಟೇ ಉಳಿಯುತ್ತದೆ.

ಕೋವಿಡ್ ನೆನಪಿದೆಯಲ್ಲ? 2021ರ ಎರಡನೇ ಅಲೆಯಲ್ಲಿ ‘ತಂದೆ-ತಾಯಿ ತೀರಿಕೊಂಡ ಮಗು ಇದೆ, ಸಾಕುವವರು ಕರೆ ಮಾಡಿ’ ಎಂಬ ವಾಟ್ಸಾಪ್ ಸಂದೇಶಗಳನ್ನು ಒಳ್ಳೆಯ ಮನಸ್ಸಿನವರೇ ಹಂಚಿದರು. ಹಾಗೆ ಮಗುವನ್ನು ಕೊಡುವುದೂ ತಪ್ಪು, ಒಯ್ಯುವುದೂ ತಪ್ಪು. ದಿಕ್ಕಿಲ್ಲದ ಮಗು ಸಿಕ್ಕರೆ 24 ಗಂಟೆಯೊಳಗೆ ತಿಳಿಸಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಸಾಕು, ಅದು ಹಗಲೂ ರಾತ್ರಿಯೂ ಉಚಿತ. ಮುಂದಿನದನ್ನು ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸುತ್ತದೆ.

ಸರ್ಕಾರ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. ಕೋವಿಡ್‌ನಿಂದ ಅನಾಥರಾದ ಮಕ್ಕಳಿಗೆ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಘೋಷಿಸಿದರು. ಕಷ್ಟದಲ್ಲಿರುವ ಮಗು ತನ್ನವರ ಬಳಿಯೇ ಬೆಳೆಯಲೆಂದು ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಇದೆ. ಆದರೆ ಅರ್ಜಿ ಬರೆಸಿ, ಮರಣ ಪತ್ರ, ಆದಾಯ ಪತ್ರ ಜೋಡಿಸಿ, ಶಿವಮೊಗ್ಗಕ್ಕೆ ನಾಲ್ಕು ಸಲ ಅಲೆಯುವುದು ಜಡೆಯ ಕಡೆಯ ಯಾವುದೋ ಹಳ್ಳಿಯಲ್ಲಿ ಮೊಮ್ಮಗನನ್ನು ಸಾಕುತ್ತಿರುವ ಅಜ್ಜಿಯಿಂದ ಆದೀತೇ? ಆ ಅಜ್ಜಿಯ ಜೊತೆ ಬಸ್ಸು ಹತ್ತುವವರು, ಕಾಳಜಿ ಕೇಂದ್ರದಲ್ಲಿ ಪ್ರತಿ ಮಗುವಿನ ಹೆಸರು ಬರೆದುಕೊಂಡು ‘ಯಾರ ಜೊತೆ ಬಂತು, ಯಾರ ಜೊತೆ ಹೋಯಿತು’ ಎಂದು ಲೆಕ್ಕ ಇಡುವವರು, ಆಟ-ಪಾಠಕ್ಕೆ ಒಂದು ಮೂಲೆ ಮಾಡಿ ಮಗುವಿನ ಬಾಯಿ ಬಿಡಿಸುವವರು ಮಕ್ಕಳ ರಕ್ಷಣೆಯ ಸಂಸ್ಥೆಗಳ ಕಾರ್ಯಕರ್ತರು. ಅವರಿಗೂ ಸಂಬಳ ಬೇಕು, ತರಬೇತಿ ಬೇಕು. ನೆರೆ ಬಂದ ದಿನ ಅಂಥವರನ್ನು ಹುಡುಕುವುದು ಕೆರೆ ಏರಿ ಒಡೆದ ಮೇಲೆ ಮಣ್ಣು ಹುಡುಕಿದ ಹಾಗೆ.

ಹಣ ಮಾತ್ರ ಆ ಕಡೆ ಹರಿಯುವುದಿಲ್ಲ. 2010ರಿಂದ 2018ರವರೆಗೆ ಯುದ್ಧ, ಬರ, ನೆರೆಗೆಂದು ಜಗತ್ತು ಕೊಟ್ಟ ನೆರವಿನಲ್ಲಿ ಮಕ್ಕಳ ರಕ್ಷಣೆಗೆ ಸಂದದ್ದು ನೂರು ರೂಪಾಯಿಗೆ ಐವತ್ತು ಪೈಸೆಯಷ್ಟು ಎಂದು ಸೇವ್ ದಿ ಚಿಲ್ಡ್ರನ್ ಮತ್ತಿತರ ಸಂಸ್ಥೆಗಳು 2019ರಲ್ಲಿ ಲೆಕ್ಕ ಹಾಕಿದವು. 2020ರಲ್ಲಿ ನಮ್ಮ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ದಾಟಿಸುವ ದಾರಿ ಅಲ್ಲಿಗೆ ಮುಚ್ಚಿತು. 2025ರಲ್ಲಿ ಅಮೆರಿಕ ಬೇರೆ ದೇಶಗಳಿಗೆ ನೆರವು ಕೊಡುತ್ತಿದ್ದ ತನ್ನ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿತು. ಹೊರಗಿನವರು ಕೊಡುತ್ತಾರೆ ಎಂದು ಕಾಯುವ ಕಾಲ ಹೋಯಿತು.

ಸೇವ್ ದಿ ಚಿಲ್ಡ್ರನ್ ಹುಟ್ಟಿದ ಕಥೆಯಲ್ಲೂ ಒಂದು ಕರಪತ್ರವಿದೆ. 1919ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಎಗ್ಲಂಟೈನ್ ಜೆಬ್ ಎಂಬ ಹೆಣ್ಣುಮಗಳು ಹಸಿದ ಮಗುವಿನ ಚಿತ್ರವಿದ್ದ ಕರಪತ್ರ ಹಂಚಿದಳು. ಮಗು ಮೊದಲ ಮಹಾಯುದ್ಧದ ಶತ್ರು ದೇಶದ್ದು. ಪೊಲೀಸರು ಹಿಡಿದರು, ಕೋರ್ಟು 5 ಪೌಂಡ್ ದಂಡ ಹಾಕಿತು. ಅವಳ ವಿರುದ್ಧ ವಾದಿಸಿದ ಸರ್ಕಾರಿ ವಕೀಲ ಆರ್ಚಿಬಾಲ್ಡ್ ಬಾಡ್ಕಿನ್ ಅಷ್ಟೇ ಹಣವನ್ನು ತನ್ನ ಜೇಬಿನಿಂದ ತೆಗೆದು ಅವಳ ಕೈಗಿಟ್ಟ.

ಲಂಡನ್ ದೂರವಾಯಿತು ಅನ್ನುವವರು ಬಳ್ಳಿಗಾವಿಗೆ ಹೋಗಿ. ಕೇದಾರೇಶ್ವರ ಗುಡಿಗೆ ಸೇರಿದ ಕೋಡಿಮಠದಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನವಿತ್ತು, ರೋಗಿಗಳಿಗೆ ಮದ್ದಿತ್ತು, ಓದುವವರಿಗೆ ಪಾಠವಿತ್ತು ಎನ್ನುತ್ತದೆ 1162ರ ಶಾಸನ. ಹಬ್ಬದ ದಿನ ಯಾರೋ ಹಂಚಿದ ಅನ್ನದಿಂದ ಅದು ನಡೆಯಲಿಲ್ಲ. ಭೂಮಿ ಬಿಟ್ಟುಕೊಟ್ಟರು, ಹುಟ್ಟುವಳಿ ವರ್ಷ ವರ್ಷವೂ ಬರುವಂತೆ ಕಲ್ಲಿನಲ್ಲಿ ಕೊರೆಸಿದರು. ನಮ್ಮ ಮಕ್ಕಳ ಕಾವಲಿಗೂ ಬೇಕಾದದ್ದು ಇಂಥ ಕಾಯಂ ದತ್ತಿ. ಟಿವಿಯಲ್ಲಿ ಅಳುವ ಮಗುವನ್ನು ಕಂಡು ಕೊಡುವ ಒಂದು ಸಲದ ಸಾವಿರ ರೂಪಾಯಿಗಿಂತ, ಯಾರೂ ಅಳದ ತಿಂಗಳಲ್ಲೂ ಬರುವ ನೂರು ರೂಪಾಯಿ ಮೇಲು.

ಲೆಕ್ಕ ನೀವೇ ನೋಡಿ. ಒಂದು ಗ್ರಾಮ ಪಂಚಾಯಿತಿಯಲ್ಲಿ 200 ಮನೆ ತಿಂಗಳಿಗೆ 100 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 2,40,000 ಆಯಿತು. ಅಡಿಕೆ, ಶುಂಠಿ ಮಾರಿದವರಿಗೆ ಇದು ದೊಡ್ಡ ಮಾತಲ್ಲ. ಕೂಲಿಯವರು ಹತ್ತು ರೂಪಾಯಿ ಕೊಟ್ಟರೂ ಅವರ ಹೆಸರು ಅದೇ ಪುಸ್ತಕದಲ್ಲಿ ಇರಲಿ.

ಆದರೆ ಈ ಕರಪತ್ರ ಹಂಚುವವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮಕ್ಕಳ ರಕ್ಷಣೆಯಲ್ಲಿ ಕೆಲಸ ಮಾಡುವ ನೋಂದಾಯಿತ ಸಂಸ್ಥೆಯನ್ನು ನೀವೇ ಆರಿಸಿ, ಬ್ಯಾಂಕ್ ಮೂಲಕವೇ ಕೊಡಿ, ರಸೀದಿ ಕೇಳಿ ಪಡೆಯಿರಿ. ಕಳೆದ ವರ್ಷದ ಆಡಿಟ್ ವರದಿ ತೋರಿಸಿ ಅನ್ನಿ. ನಿಮ್ಮ ಕಾರ್ಯಕರ್ತರ ಹಿನ್ನೆಲೆ ವಿಚಾರಿಸಿದ್ದೀರಾ, ಮಕ್ಕಳು ದೂರು ಹೇಳಲು ಏನು ವ್ಯವಸ್ಥೆ ಎಂದು ಕೇಳಿ. ಉತ್ತರ ಕೊಡಲು ತಡವರಿಸಿದರೆ ಬೇರೆ ಸಂಸ್ಥೆ ನೋಡಿ. ಮಗುವಿನ ಮುಖದ ಫೋಟೊ ಹಾಕಿ ದುಡ್ಡು ಕೇಳುವವರಿಗಂತೂ ಕೊಡಲೇಬೇಡಿ.

ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ. ಕಾಳಜಿ ಕೇಂದ್ರ ತೆರೆದರೆ ಮಕ್ಕಳ ಪಟ್ಟಿ ಬರೆಯುವ ಹೊಣೆ ಯಾರದು, ಹೆಣ್ಣುಮಕ್ಕಳ ಶೌಚಾಲಯಕ್ಕೆ ದೀಪ ಹಾಕಿಸುವವರು ಯಾರು, ಪಂಚಾಯಿತಿಯ ಸ್ವಂತ ಹಣದಲ್ಲಿ ಇದಕ್ಕೆಂದು ಎಷ್ಟು ತೆಗೆದಿಡುತ್ತೀರಿ ಎಂದು ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ. ಮಕ್ಕಳ ಗ್ರಾಮಸಭೆಯಲ್ಲಿ ಈ ಮಾತನ್ನು ಮಕ್ಕಳೇ ಎತ್ತಲಿ, ಅವರಿಗೆ ಮೈಕು ಕೊಡಿ. ಶಿರಾಳಕೊಪ್ಪ, ಆನವಟ್ಟಿಯ ಸಂತೆಗೆ ಹೋಗುವವರು ಇದನ್ನು ಓದಿ ಇನ್ನೊಬ್ಬರಿಗೆ ದಾಟಿಸಿ.

ಇಂತಿ,
ಶಿಕಾರಿಪುರ ಮತ್ತು ಸೊರಬ ತಾಲ್ಲೂಕಿನ ನಾಗರಿಕರು