ಎಲ್ಲಾರಿಗೂ ಒಂದ ಜಿಗಿತ ಯಾಕ್ರೀ?

ಅಕ್ಕಂದಿರು, ವೈನಿಗಳು, ಮೌಶಿಗಳು ಎಲ್ಲಾರೂ ಕೇಳ್ರಿ. ಈ ವಾರ ಚಟ್ನಿಪುಡಿ ಇಲ್ಲ, ಹಪ್ಪಳ ಇಲ್ಲ. ಈ ವಾರ ಜಗಳ ಅದ. ನಮ್ಮ ಓಣಿಯ ಟೆರೇಸ್ ಮ್ಯಾಲ ಮುಂಜಾನೆ ಆರೂವರಿಗೆ ಸೀಟಿ ಊದಿ ಸುರು ಆಗ್ತದಲ್ಲ, "ಹಿಟ್" ಅಂತಾರ, ಹೈ ಇಂಟೆನ್ಸಿಟಿ ಅಂತಾರ, ಆ ಕ್ಲಾಸಿನ ಬಗ್ಗೆ ಜಗಳ.

ಮೊದಲ ಹೇಳಿಬಿಡ್ತೀನಿ, ನಾ ಕಸರತ್ತಿನ ವೈರಿ ಅಲ್ಲ. "ಮನಿಕೆಲಸ ಮಾಡ್ತೀವಲ್ಲ, ಅಷ್ಟ ಸಾಕು" ಅನ್ನೋರ ಕಡೆನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಾಗ ಹೇಳಿದ ಲೆಕ್ಕ ಏನಂದ್ರ, ದೊಡ್ಡವರಿಗೆ ವಾರಕ್ಕ 150ರಿಂದ 300 ನಿಮಿಷ ಸಾಧಾರಣ ದಣಿವಿನ ಚಟುವಟಿಕೆ ಬೇಕು, ಇಲ್ಲಾಂದ್ರ 75ರಿಂದ 150 ನಿಮಿಷ ಜೋರಿನದು. ಮ್ಯಾಲ ವಾರಕ್ಕ ಎರಡು ದಿನ ಸ್ನಾಯುಗಳಿಗೆ ಕೆಲಸ. 65 ದಾಟಿದವರಿಗೆ ತೋಲ ಹಿಡಿಯೋ ಅಭ್ಯಾಸ ಮೂರು ದಿನ. ರೊಟ್ಟಿ ಬಡದು ರಟ್ಟಿ ನೋಯ್ತಾವ ಖರೇ, ಎದಿಬಡಿತ ಏರೋದಿಲ್ಲ. ಅದಕ್ಕ ಕ್ಲಾಸ್ ಬೇಕು. ಹಾಡು ಹಾಕ್ಕೊಂಡು ನಾಲ್ಕು ಮಂದಿ ಕೂಡಿ ಮಾಡೋದಂತೂ ಭಾಳ ಛಲೋ. ಒಬ್ಬಾಕಿನ ಮಾಡ್ತೀನಿ ಅಂದ್ರ ಮೂರನೇ ದಿನಕ್ಕ ಹಾಲಿನವ ಬಂದ, ನಳ ಬಂತು ಅಂತ ನೆವ ಸಿಗ್ತಾವ.

ಆದ್ರ ಅಲ್ಲಿ ನಡಿಯೋದು ಏನು? ಇಪ್ಪತ್ತೆರಡು ಹೆಣ್ಣಮಕ್ಕಳು. ಎಲ್ಲಾರಿಗಿಂತ ಸಣ್ಣಾಕಿಗೆ 24, ಎಲ್ಲಾರಿಗಿಂತ ಹಿರಿಯರಿಗೆ 67. ಒಂದ ಸೀಟಿ, ಒಂದ ಎಣಿಕಿ, ಒಂದ ಜಿಗಿತ. ನಡುವ ನಿಂತವರ ಹೆಸರು ಕೂಗೋದು. ಡಬ್ಬಿ ಕಟ್ಟಿ ಐದು ನಿಮಿಷ ತಡ ಆಗಿ ಬಂದಾಕಿಗೆ ದಂಡ ಅಂತ ಹತ್ತು ಬರ್ಪಿ. ಸಂಜಿಕೆ ವಾಟ್ಸಾಪ್ ಗುಂಪಿನ್ಯಾಗ ಯಾರು ಎಷ್ಟು ಮಾಡಿದ್ರು ಅನ್ನೋ ಪಟ್ಟಿ. ಹುಡುಗ ಕೆಟ್ಟವ ಅಲ್ಲ. ನಗುಮಖದವ, ಕಷ್ಟಪಟ್ಟು ಕಲಿಸ್ತಾನ. ಆದ್ರ ಬ್ಯಾಳಿ ಮತ್ತ ಕಡ್ಲಿ ಒಂದ ಕುಕ್ಕರಿನ್ಯಾಗ ಕೂಡಿಸಿ ಇಟ್ಟು ಮೂರು ಸೀಟಿಗೆ ಇಳಿಸಿದ್ರ ಏನಾಗ್ತದ, ಯಾವ ಮನಿಯಾಕಿಗೂ ಹೇಳಬೇಕಿಲ್ಲ.

ಹಿಂದಿನ ಮನಿ ಅಕ್ಕ ಮೂರನೇ ವಾರಕ್ಕ ಬರೋದು ಬಿಟ್ಟಳು. ಎಲ್ಲಾರಿಗೂ "ತವರಿನ ಮಂದಿ ಬಂದಾರ" ಅಂತ ಹೇಳಿದಳು. ಅರಿವಿ ಒಣಗಿಸೋಮುಂದ ನನ್ನ ಕಿವಿಯೊಳಗ ಹೇಳಿದ್ದು ಬ್ಯಾರೆ. ಎರಡು ಹೆರಿಗಿ ಆದಾಕಿ. ಜಿಗಿದ ಕೂಡ್ಲೆ ಒಂದಕ್ಕ ಹನಿ ಬೀಳ್ತಾವಂತ. ಪ್ಯಾಡ್ ಹಾಕ್ಕೊಂಡು ಬಂದಳು, ಕರೇ ಪೈಜಾಮ ಹಾಕ್ಕೊಂಡು ಬಂದಳು, ಮುಂಜಾನೆ ನೀರು ಕುಡಿಯೋದನ್ನ ಬಿಟ್ಟು ಬಂದಳು. ಒಂದಿನ ಎಲ್ಲಾರ ಮುಂದ "ಜಂಪ್, ಅಕ್ಕಾ, ಜಂಪ್!" ಅಂತ ಕೂಗಿದ್ರು. ಮರುದಿನದಿಂದ ಬರಲಿಲ್ಲ. ಸಕ್ಕರಿ ಕಾಯಿಲೆಯ ಅಂಚಿಗೆ ಬಂದಾಳ, ಡಾಕ್ಟರು ವ್ಯಾಯಾಮ ಮಾಡಬೇಕು ಅಂದಾರ. ಯಾರಿಗೆ ಭಾಳ ಬೇಕಾಗಿತ್ತೋ ಅವರ ಬಾಗಲ ಮುಚ್ಚಿ ಹೊರಗ ನಿಂತ್ರು. ನನ್ನ ಸಿಟ್ಟಿಗೆ ಇದ ಕಾರಣ.

ಈಗ ಇದರ ಹುಟ್ಟು ಎಲ್ಲಿಂದ ಅಂತ ನೋಡೋಣು. ನಮ್ಮ ಕ್ಲಾಸಿನ್ಯಾಗ "ತಬಾಟಾ" ಅಂತ ಒಂದು ಹಾಕ್ತಾರ. 20 ಸೆಕೆಂಡ್ ಜೋರು, 10 ಸೆಕೆಂಡ್ ವಿಶ್ರಾಂತಿ, ಹಿಂಗ ಎಂಟು ಸಲ, ನಾಲ್ಕು ನಿಮಿಷ. ಜಪಾನಿನ ಇಜುಮಿ ತಬಾಟಾ ಅನ್ನೋ ವಿಜ್ಞಾನಿ ಮತ್ತ ಅವರ ಜೊತೆಗಾರರು 1996ರಾಗ ಪ್ರಕಟಿಸಿದ ಪ್ರಯೋಗದಿಂದ ಬಂದ ಲೆಕ್ಕ ಇದು. ಆ ಪ್ರಯೋಗದಾಗ ಇದ್ದವರು ಹರೇದ ಗಂಡಸರು, ಆಟದ ರೂಢಿ ಇದ್ದವರು. ಅವರು ಜಿಗೀಲಿಲ್ಲ. ನಿಂತಲ್ಲೇ ನಿಲ್ಲೋ ಸೈಕಲ್ ತುಳಿದ್ರು. ಎಲ್ಲಾಕ್ಕಿಂತ ದೊಡ್ಡ ಮಾತು ಮುಂದ ಅದ: ಪ್ರತಿಯೊಬ್ಬರ ದೇಹ ಹೆಚ್ಚಂದ್ರ ಎಷ್ಟು ಆಮ್ಲಜನಕ ಬಳಸ್ತದ ಅಂತ ಮೊದಲ ಅಳದು, ಆ ಅಳತಿಯ ಮ್ಯಾಲ ಅವರವರ ಸೈಕಲ್ಲಿನ ಭಾರ ಇಟ್ಟಿದ್ರು. ಪೆಡಲಿನ ವೇಗ ಇಳೀತು ಅಂದ್ರ ಅವರ ಪಾಲಿಗೆ ಅವತ್ತಿನದು ಮುಗೀತು. ಮೂಲದಾಗ ಗಡಿಯಾರ ಎಲ್ಲಾರಿಗೂ ಒಂದ ಇತ್ತು, ಭಾರ ಒಬ್ಬೊಬ್ಬರಿಗೆ ಒಂದೊಂದು ಇತ್ತು. ನಮ್ಮವರು ಗಡಿಯಾರ ಅಷ್ಟ ತಂದ್ರು, ಅಳತಿ ಅಲ್ಲೇ ಬಿಟ್ಟು ಬಂದ್ರು.

ಬರ್ಪಿದೂ ಅದ ಕತಿ. 1930ರ ದಶಕದಾಗ ಅಮೆರಿಕದ ರಾಯಲ್ ಬರ್ಪಿ ಅನ್ನೋರು ಮಂದಿಯ ದೇಹಸ್ಥಿತಿ ಪರೀಕ್ಷಾ ಮಾಡಲಿಕ್ಕೆ ಹುಡುಕಿದ್ದು. ಕುಕ್ಕರಗಾಲಿಲೆ ಕೂತು ಕೈ ಊರು, ಕಾಲು ಹಿಂದ, ಕಾಲು ಮುಂದ, ಎದ್ದು ನಿಂದ್ರು. ನಾಲ್ಕು ಎಣಿಕಿ, ಮುಗೀತು. ಕೆಳಗ ದಂಡ ಹೊಡಿಯೋದು, ಮ್ಯಾಲ ಚಪ್ಪಾಳಿ ಹೊಡದು ಜಿಗಿಯೋದು ಆಮ್ಯಾಲ ಸೇರಿಸಿದ ಒಗ್ಗರಣಿ. ಪರೀಕ್ಷಾಕ್ಕ ಅಂತ ಮಾಡಿದ್ದನ್ನ ಶಿಕ್ಷಾ ಮಾಡಿ ಕೂಡ್ರಿಸ್ಯಾರ.

"ಹಂಗ ಸುಲಭ ಮಾಡಿದ್ರ ಅದು ಹೈ ಇಂಟೆನ್ಸಿಟಿ ಹೆಂಗ ಆಗ್ತದ?" ಅಂತ ಕೇಳ್ತಾರ. ಇದು ಒಪ್ಪತಕ್ಕ ಪ್ರಶ್ನೆ, ಅದಕ್ಕ ಸಾವಕಾಶ ಉತ್ತರ ಕೊಡ್ತೀನಿ. ಜೋರು ಅನ್ನೋದು ಜಿಗಿತದಾಗ ಇರೋದಿಲ್ಲ, ಮಾಡೋರ ಎದಿಯೊಳಗ ಇರ್ತದ. 24ರ ಹುಡುಗಿ ಹದಿನೈದು ಬರ್ಪಿ ಹೊಡದು ಎಷ್ಟು ತೇಕ್ತಾಳೋ, 60ರ ಮೌಶಿ ಖುರ್ಚಿಯಿಂದ ಕೈ ಹಚ್ಚದ ಹತ್ತು ಸಲ ಎದ್ದು ಕೂತ್ರ ಅಷ್ಟ ತೇಕಬಹುದು. ಇಬ್ಬರ ಎದಿಗೂ ಸಿಕ್ಕಿದ್ದು ಒಂದ ಕೆಲಸ. ಆನಿ ಭಾರ ಆನಿಗೆ, ಇರುವಿ ಭಾರ ಇರುವಿಗೆ ಅಂತ ನಮ್ಮ ಹಿರಿಯರು ಸುಮ್ಮನ ಹೇಳಿಲ್ಲ.

ಅಳಿಯೋದು ಹೆಂಗ? ಯಂತ್ರ ಬ್ಯಾಡ, ಬಾಯಿ ಸಾಕು. ಕಸರತ್ತು ಮಾಡ್ತ ಮಾಡ್ತ ಪೂರ್ತಿ ಮಾತಾಡಲಿಕ್ಕೆ ಬರ್ತದ, ಹಾಡಲಿಕ್ಕೆ ಬರೋದಿಲ್ಲ ಅಂದ್ರ ಸಾಧಾರಣ. ನಾಲ್ಕು ಶಬ್ದಕ್ಕ ಒಮ್ಮೆ ಉಸಿರು ಎಳ್ಕೊಬೇಕು ಅಂದ್ರ ಜೋರು. ಒಂದು ಶಬ್ದನೂ ಹೊರಡೋದಿಲ್ಲ ಅಂದ್ರ ನಮ್ಮಂಥವರಿಗೆ ಅದು ಅತಿ ಆತು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಅನ್ನೋರು ದಣಿವಿಗೆ ಅಂಕಿ ಕೊಡೋ ಪದ್ಧತಿ ಮಾಡಿಕೊಟ್ಟಾರ. ಸೊನ್ನಿ ಅಂದ್ರ ಆರಾಮ ಕೂತಿದ್ದು, ಹತ್ತಂದ್ರ ಇನ್ನ ಆಗೋದ ಇಲ್ಲ ಅನ್ನೋದು. "ಎಲ್ಲಾರೂ ಹದಿನೈದು ಮಾಡ್ರಿ" ಅನ್ನೋ ಬದಲು "ಎಲ್ಲಾರೂ ಏಳಕ್ಕ ಬರ್ರಿ" ಅಂತ ಕೂಗಿದ್ರ ಸಾಕು, ಇಪ್ಪತ್ತೆರಡು ಮಂದಿನೂ ತಮ್ಮ ತಮ್ಮ ಏಳಕ್ಕ ಬರ್ತಾರ.

ಕೈಗಡಿಯಾರದಾಗ ಎದಿಬಡಿತ ನೋಡೋರಿಗೂ ಒಂದು ಮಾತು. 220ರಾಗ ವಯಸ್ಸು ಕಳೀರಿ ಅನ್ನೋದು ಸರಾಸರಿ ಲೆಕ್ಕ. ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಹಿಂದ ಮುಂದ ಆಗೋದು ಸಾಮಾನ್ಯ. ಬಿ.ಪಿ.ಗೆ ಅಂತ ಬೀಟಾ ಬ್ಲಾಕರ್ ಗುಳಿಗಿ ತಗೊಳ್ಳೋರಿಗೆ ಬಡಿತ ಏರೋದ ಕಡಿಮಿ. ಅವರು ಆ ಅಂಕಿ ಮುಟ್ಟಲಿಕ್ಕೆ ಹೊಂಟ್ರ ಬಿದ್ದ ಹೋಗ್ತಾರ. ಅವರು ಬಾಯಿಯ ಲೆಕ್ಕಾನ ನಂಬಬೇಕು.

ಇನ್ನ ಬದಲು ಮಾಡೋದು ಹೆಂಗ ಅಂತೀರಿ? ಸಾರು ಖಾರ ಆದ್ರ ಏನೇನು ಮಾಡಬಹುದು ಅಂತ ಗೊತ್ತಿದ್ದಾಕಿಗೆ ಇದೂ ತಿಳೀತದ. ವೇಗ ಇಳಿಸಬಹುದು. ಎಷ್ಟು ಕೆಳಗ ಬಗ್ಗಬೇಕು ಅನ್ನೋದನ್ನ ಕಡಿಮಿ ಮಾಡಬಹುದು. ಜಿಗಿತ ತಗದು ಹೆಜ್ಜಿ ಹಾಕಬಹುದು. ಭಾರ ಇಳಿಸಬಹುದು. ವಿಶ್ರಾಂತಿ ಹೆಚ್ಚು ಮಾಡಬಹುದು: 20 ಸೆಕೆಂಡ್ ಕೆಲಸಕ್ಕ 10ರ ಬದಲು 40 ಸೆಕೆಂಡ್ ದಮ್ಮು ತಗೊಳ್ಳೋದು.

ಬರ್ಪಿಗೆ ನೆಲ ಯಾಕ ಬೇಕು? ಟೆರೇಸಿನ ಕಟ್ಟಿಗೆ ಕೈ ಊರಿ, ಒಂದು ಕಾಲು ಹಿಂದ, ಇನ್ನೊಂದು ಹಿಂದ, ಮತ್ತ ಮುಂದ ಬಂದು ನೆಟ್ಟಗ ನಿಂತ್ರ ಅದೂ ಬರ್ಪಿನ. ಜಂಪಿಂಗ್ ಜ್ಯಾಕ್ ಬದಲು ಕೈ ಮ್ಯಾಲೆತ್ತಿ ಆ ಕಡೆ ಒಂದು ಹೆಜ್ಜಿ, ಈ ಕಡೆ ಒಂದು ಹೆಜ್ಜಿ. ಪುಶ್ ಅಪ್ ಗ್ವಾಡಿಗೆ ಸುರು ಮಾಡ್ರಿ, ಹಗೂರಾದ ಮ್ಯಾಲ ಕಟ್ಟಿಗೆ ಬರ್ರಿ, ಆಮ್ಯಾಲ ಮೊಣಕಾಲೂರಿ ನೆಲಕ್ಕ ಇಳೀರಿ. ಸ್ಕ್ವಾಟ್‌ಗೆ ಹಿಂದ ಖುರ್ಚಿ ಇಟ್ಕೊರಿ. ಮೊಣಕಾಲು ಸವದವರು ನೋವು ಇಲ್ಲದಷ್ಟು ಆಳಕ್ಕ ಮಾತ್ರ ಇಳೀರಿ. ತೊಡಿ ಗಟ್ಟಿ ಆದಂಗ ಮೊಣಕಾಲಿಗೂ ಆಸರ ಸಿಗ್ತದ, ಅದಕ್ಕ ಪೂರ್ತಿ ಬಿಡೋದೂ ಬ್ಯಾಡ. ಬಿ.ಪಿ. ಇದ್ದವರು ಪ್ಲ್ಯಾಂಕಿನ್ಯಾಗ ಉಸಿರು ಕಟ್ಟಬ್ಯಾಡ್ರಿ. ಉಸಿರು ಹಿಡದು ಬಿಗಿಯಾದ್ರ ಬಿ.ಪಿ. ಜಿಗೀತದ. ಎಣಿಕಿ ಜೋರಾಗಿ ಹೇಳ್ರಿ, ಉಸಿರು ತಾನಾಗಿ ಹೊರಗ ಬರ್ತದ. ಇನ್ಸುಲಿನ್ ತಗೊಳ್ಳೋರು ಖಾಲಿ ಹೊಟ್ಟಿಲೆ ಬರಬ್ಯಾಡ್ರಿ, ಡಾಕ್ಟರನ್ನ ಕೇಳ್ಕೊಂಡ ಬರ್ರಿ, ಬಾಯಿಗೆ ಸಕ್ಕರಿ ಏನರ ಜೋಡಿ ಇಟ್ಕೊರಿ.

ಹನಿ ಬೀಳೋ ಮಾತು ಬಾಯಿಬಿಟ್ಟ ಹೇಳೋಣು. ಗರ್ಭಕೋಶ, ಮೂತ್ರಚೀಲ ಹೊತ್ತು ಹಿಡಿಯೋ ಸ್ನಾಯುಗಳು ಹೆರಿಗಿಯಾಗ, ಮುಟ್ಟು ನಿಂತ ಮ್ಯಾಲ ಸಡಿಲ ಆಗ್ತಾವ. ಭಾಳ ಮಂದಿಗೆ ಆಗ್ತದ, ನಾಚಿಕೊಳ್ಳೋದಲ್ಲ. ಹಂಗಂತ ಸಹಿಸ್ಕೊಂಡು ಕೂಡ್ರೋದೂ ಅಲ್ಲ. ಆ ಸ್ನಾಯು ಬಿಗಿ ಹಿಡದು ಬಿಡೋ ಅಭ್ಯಾಸವನ್ನ ಅಮೆರಿಕದ ಡಾಕ್ಟರ್ ಅರ್ನಾಲ್ಡ್ ಕೆಗೆಲ್ 1948ರಾಗ ಬರದ ತೋರ್ಸ್ಯಾರ. ಸರಿಯಾಗಿ ಕಲ್ತು ಮೂರು ತಿಂಗಳು ದಿನಾ ಮಾಡಿದ್ರ ಭಾಳ ಮಂದಿಗೆ ಗುಣ ಕಾಣ್ತದ. ಅಲ್ಲೀತನಕ ಜಿಗಿತ ಬ್ಯಾಡ, ಹೆಜ್ಜಿ ಸಾಕು. ಹೆಣ್ಣಮಕ್ಕಳ ಡಾಕ್ಟರು, ಫಿಸಿಯೋಥೆರಪಿಸ್ಟ್ ಇದನ್ನ ಕಲಸ್ತಾರ, ಕೇಳ್ರಿ.

ಮತ್ತ ಒಂದು ಗೆರಿ ಅದ, ಯಾರೂ ದಾಟಬಾರದು. ಎದಿ ಬಿಗಿ ಹಿಡಿತು, ದವಡಿಗೋ ತೋಳಿಗೋ ನೋವು ಹೊಂಟಿತು, ತಲಿ ತಿರುಗಿತು, ಎಂದೂ ಇಲ್ಲದ ತಣ್ಣನ ಬೆವರು ಬಂತು ಅಂದ್ರ ಅಲ್ಲೇ ನಿಲ್ಲಸ್ರಿ, ದವಾಖಾನಿಗೆ ಹೋಗ್ರಿ. ಭಾಳ ದಿನ ಬಿಟ್ಟು ಒಮ್ಮೆಲೇ ಅತಿ ಮಾಡಿದ ಮರುದಿನ ಸ್ನಾಯು ಊದಿ, ಮೂತ್ರ ಚಹಾದ ಬಣ್ಣ ಆದ್ರನೂ ತಡ ಮಾಡಬ್ಯಾಡ್ರಿ. ಸ್ನಾಯು ಒಡದು ಮೂತ್ರಪಿಂಡಕ್ಕ ತ್ರಾಸ ಕೊಡೋ ಲಕ್ಷಣ ಅದು. "ನೋ ಪೇನ್ ನೋ ಗೇನ್" ಅಂತ ಬನಿಯನ್ ಮ್ಯಾಲ ಬರಸ್ಕೊಂಡು ಓಡಾಡೋರು ಇದಕ್ಕ ಜವಾಬ್ದಾರಿ ತಗೊಳ್ಳೋದಿಲ್ಲ.

"ಇಪ್ಪತ್ತೆರಡು ಮಂದಿಗೆ ಇಪ್ಪತ್ತೆರಡು ಕ್ಲಾಸ್ ಮಾಡಲ್ಯಾ?" ಅಂತಾನ ಹುಡುಗ. ಬ್ಯಾಡೋ ತಮ್ಮಾ. ಪ್ರತಿ ಕಸರತ್ತಿಗೆ ಮೂರು ಪಾವಟಿಗಿ ತೋರ್ಸು, ಅಷ್ಟ. ಮೊದಲ ಹಗೂರಿಂದು, ಆಮ್ಯಾಲ ನಡುವಿಂದು, ಕಡೀಕ ಜಿಗಿತದ್ದು. ಹಗೂರಿಂದನ್ನ ಮೊದಲ ತೋರ್ಸಿದ್ರ ಅದು ಕೈಲಾಗದವರ ಪಾಲಿಂದು ಅನಿಸೋದಿಲ್ಲ, ಎಲ್ಲಾರೂ ಏರೋ ಮೊದಲನೇ ಪಾವಟಿಗಿ ಅನಿಸ್ತದ. ಎಣಿಕಿ ಬಿಟ್ಟು ಗಡಿಯಾರ ಹಿಡಿ. ವಾಟ್ಸಾಪಿನ ಪಟ್ಟಿ ತಗದ ಹಾಕು. ದಂಡದ ಬರ್ಪಿ ಇವತ್ತಿಗೆ ಬಂದ್. ಹೊಸದಾಗಿ ಬಂದಾಕಿನ್ನ ಬಾಜುಕ ಕರದು ಕೇಳು: ಮೊಣಕಾಲು, ಬಿ.ಪಿ., ಸಕ್ಕರಿ, ಹೆರಿಗಿ ಯಾವಾಗ ಆತು ಅಂತ. ನಿನಗ ಸಂಕೋಚ ಅನಿಸಿದ್ರ ನಮ್ಮೊಳಗಿನ ಒಬ್ಬ ಹಿರಿಯರು ಕೇಳ್ತಾರ.

ಅಕ್ಕಂದಿರ ಪಾಲಿನ ಕೆಲಸಾನೂ ಅದ. ಬಾಜು ನಿಂತಾಕಿ ಹೆಜ್ಜಿ ಹಾಕಿದ್ರ "ಅಯ್ಯ, ಇಷ್ಟಕ್ಕ ದಣಿದ್ರ್ಯಾ?" ಅಂತ ನಗೋದು ನಾವ. ಆ ನಗಿ ಸೀಟಿಗಿಂತ ಹೆಚ್ಚು ಮಂದಿನ್ನ ಮನಿಗೆ ಕಳಿಸ್ಯದ. ಅದನ್ನ ಬಿಡೋಣು. ಜಿಗಿಯೋ ತಾಕತ್ತಿದ್ದವರು ಮನಸು ತುಂಬ ಜಿಗೀರಿ, ನಿಮ್ಮನ್ನ ಯಾರೂ ತಡಿಯೋದಿಲ್ಲ. ಉಳದವರು ಹೆಜ್ಜಿ ಹಾಕ್ತಾರ.

ಸೋಮವಾರ ಆರೂವರಿಗೆ ನಾ ಮುಂದಿನ ಸಾಲಿನ್ಯಾಗ ಖುರ್ಚಿ ಹಾಕ್ಕೊಂಡು ನಿಂದರ್ತೀನಿ. ಹಿಂದಿನ ಸಾಲಿನ್ಯಾಗಲ್ಲ, ಮುಂದ. ಹಿಂದಿನ ಮನಿ ಅಕ್ಕಗೂ ಬಾ ಅಂದೀನಿ, ನೋಡ್ತೀನಿ ಅಂದಾಳ. ಯಾರಿಗೆ ಮೊಣಕಾಲು, ಟೊಂಕ, ಬಿ.ಪಿ. ಅಂತ ಅಂಜಿಕಿ ಅದ, ನಿಮ್ಮ ಖುರ್ಚಿ ನೀವ ತಗೊಂಡು ಬರ್ರಿ. ಪ್ಲಾಸ್ಟಿಕ್ಕಿಂದು ತರಬ್ಯಾಡ್ರಿ, ಜಾರ್ತದ. ಕಟಗೀದ ತರ್ರಿ, ಗ್ವಾಡಿಗೆ ಆನಿಸಿ ಇಡೋಣು.