ಔಷಧಿ ತೊರೆಯುವುದು ತವಕ್ಕುಲ್ ಅಲ್ಲ

ನಮ್ಮ ಮದ್ರಸದಲ್ಲಿ ಕಾಯಿದಾ ಓದುತ್ತಿದ್ದ 6 ವರ್ಷದ ಬಾಲಕಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದ ದಿನ, ಅವಳ ತಂದೆ ಅಸರ್ ನಮಾಝಿನ ಬಳಿಕ ನನ್ನ ಬಳಿ ಬಂದು ಕುಳಿತರು. “ಉಸ್ತಾದರೇ, ಏನು ಮಾಡಲಿ?” ಎಂದು ಕೇಳಿದರು. “ಸಬ್ರ್ ಮಾಡಿ, ಎಲ್ಲವೂ ಅಲ್ಲಾಹನ ತೀರ್ಮಾನ” ಎಂದೆ. ಮಾತು ಸುಳ್ಳಲ್ಲ, ಆದರೆ ಅಲ್ಲಿಗೇ ನಿಲ್ಲಿಸಿದ್ದು ನನ್ನ ತಪ್ಪು. ಮೊದಲ ತಿಂಗಳ ಚಿಕಿತ್ಸೆಯಿಂದ ಮಗುವಿನ ಮುಖಕ್ಕೆ ಕಳೆ ಮರಳಿದಾಗ ಬಂಧುಗಳು, “ಇನ್ನು ಸಾಕು, ಉಸ್ತಾದರೇ ಹೇಳಿದ್ದಾರಲ್ಲ, ಎಲ್ಲವೂ ಅಲ್ಲಾಹನ ತೀರ್ಮಾನ” ಎಂದು ಚಿಕಿತ್ಸೆ ನಿಲ್ಲಿಸಿದರು. ಅಂದಿನಿಂದ ಈ ಲೇಖನ ನನ್ನ ಮೇಲಿನ ಸಾಲವಾಗಿದೆ.

ಮಕ್ಕಳ ಕ್ಯಾನ್ಸರ್‌ಗಳಲ್ಲಿ ಅತಿ ಹೆಚ್ಚಾಗಿ ಕಂಡುಬರುವುದು ಲ್ಯುಕೇಮಿಯಾ. ಅದರಲ್ಲೂ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಎಂಬ ಬಗೆ. ಇದರ ಚಿಕಿತ್ಸೆಗೆ ಎರಡರಿಂದ ಮೂರು ವರ್ಷ ಬೇಕು. ಮೊದಲ ನಾಲ್ಕೈದು ವಾರಗಳಲ್ಲೇ ಬಹುತೇಕ ಮಕ್ಕಳಲ್ಲಿ ರೋಗಕಣಗಳು ಸೂಕ್ಷ್ಮದರ್ಶಕಕ್ಕೆ ಕಾಣದಂತಾಗುತ್ತವೆ. ಆದರೆ ಕಾಣದಿರುವುದು ಇಲ್ಲದಿರುವುದಲ್ಲ. ಅದಕ್ಕಾಗಿಯೇ ಬೆನ್ನುಹುರಿಯ ದ್ರವಕ್ಕೆ ಔಷಧಿ ಚುಚ್ಚುತ್ತಾರೆ. ಬಳಿಕ ದೀರ್ಘಕಾಲ ದಿನವೂ ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆಗಳನ್ನು ಕೊಡುತ್ತಾರೆ. ನಡುವೆ ಬಿಟ್ಟರೆ ರೋಗ ಮರಳುವ ಅಪಾಯವಿದೆ. ಮರಳಿದ ರೋಗವನ್ನು ಮಣಿಸುವುದು ಮೊದಲಿಗಿಂತ ಕಷ್ಟ.

1948ರಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಈ ರೋಗವನ್ನು ಔಷಧಿಯಿಂದ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿಸಬಹುದೆಂದು ತೋರಿಸಿದರು. ಆ ಔಷಧಿಯನ್ನು ಒದಗಿಸಿದ ತಂಡದ ಮುಂದಾಳು ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್. ಇಂದು ಸಿರಿವಂತ ದೇಶಗಳಲ್ಲಿ ಈ ಬಗೆಯ ಲ್ಯುಕೇಮಿಯಾ ತಗುಲಿದ 100 ಮಕ್ಕಳಲ್ಲಿ ಸುಮಾರು 90 ಮಂದಿ ಬದುಕುತ್ತಾರೆ. ಮಕ್ಕಳ ಎಲ್ಲ ಕ್ಯಾನ್ಸರ್‌ಗಳನ್ನು ಸೇರಿಸಿ ನೋಡಿದರೆ, ಅನೇಕ ಬಡ ದೇಶಗಳಲ್ಲಿ ಗುಣವಾಗುವವರು ಶೇ. 30ಕ್ಕಿಂತಲೂ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚಿಕಿತ್ಸೆಯನ್ನು ನಡುವೆ ತೊರೆಯುವುದು ಅದು ಎಣಿಸುವ ಕಾರಣಗಳಲ್ಲೊಂದು.

ಇದನ್ನು ತವಕ್ಕುಲ್ ಎಂದು ಕರೆಯುವ ಹಕ್ಕು ನಮಗೆಲ್ಲಿದೆ? ಚಿಕಿತ್ಸೆ ಪಡೆಯಿರಿ ಎಂದು ಆದೇಶಿಸಿದವರು ಪ್ರವಾದಿ(ಸ). ಶಾಮ್ ನಾಡಿನಲ್ಲಿ ಪ್ಲೇಗ್ ಹರಡಿದ ಸುದ್ದಿ ತಿಳಿದು ಖಲೀಫಾ ಉಮರ್(ರ) ದಾರಿಯಿಂದಲೇ ಹಿಂದಿರುಗಲು ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಅಬೂ ಉಬೈದಾ(ರ) ಕೇಳಿದರು. ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಎಂಬುದು ಖಲೀಫರ ಉತ್ತರವಾಗಿತ್ತು. ರೋಗ ತಕ್ದೀರ್ ಎನ್ನುವವರಿಗೆ ಔಷಧಿಯೂ ತಕ್ದೀರ್ ಎಂಬುದು ಏಕೆ ಮರೆತುಹೋಗುತ್ತದೆ? ರಾತ್ರಿ ಅಂಗಡಿಗೆ ಎರಡು ಬೀಗ ಜಡಿಯುವಾಗ ನೆನಪಾಗದ ತವಕ್ಕುಲ್, ಮಗುವಿನ ಮಾತ್ರೆಯೆದುರು ಮಾತ್ರ ಏಕೆ ನೆನಪಾಗುತ್ತದೆ? ದುಆ ಮಾಡೋಣ, ಕುರ್‌ಆನ್ ಓದಿ ಊದೋಣ. ಆದರೆ ಅದು ಮಾತ್ರೆಯ ಜೊತೆಗಿರಲಿ, ಮಾತ್ರೆಯ ಬದಲಿಗಲ್ಲ.

ಇಷ್ಟು ಹೇಳಿ ಹೆತ್ತವರನ್ನಷ್ಟೇ ದೂಷಿಸಿದರೆ ಅದು ಅನ್ಯಾಯ. ಎಷ್ಟೋ ಮನೆಗಳಲ್ಲಿ ತವಕ್ಕುಲ್ ಎಂಬುದು ಬಡತನಕ್ಕೆ ಹೊದಿಸಿದ ಮುಸುಕು. ರಫಿ ಅಹ್ಮದ್ ಕಿದ್ವಾಯಿಯವರ ಹೆಸರು ಹೊತ್ತ ಸರಕಾರಿ ಕ್ಯಾನ್ಸರ್ ಆಸ್ಪತ್ರೆ ಬೆಂಗಳೂರಿನಲ್ಲಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವೂ ಇದೆ. ಆದರೆ ತಿಂಗಳುಗಟ್ಟಲೆ ತಪ್ಪಿದ ಕೂಲಿ, ಆಸ್ಪತ್ರೆಯ ಬಳಿಯ ಕೋಣೆ ಬಾಡಿಗೆ, ಬಸ್ಸಿನ ಖರ್ಚು – ಇವನ್ನು ಯಾರು ಕೊಡಬೇಕು? ಝಕಾತಿನ ಎಂಟು ಹಕ್ಕುದಾರರಲ್ಲಿ ಬಡವನಿದ್ದಾನೆ, ಸಾಲಗಾರನಿದ್ದಾನೆ. ಮಗುವಿನ ಚಿಕಿತ್ಸೆಗಾಗಿ ಆಟೋ ಮಾರಿದ ತಂದೆ ಇವೆರಡೂ ಅಲ್ಲವೇ? ದಾನಿಯಿಂದ ಪಡೆದ ಪ್ಲೇಟ್‌ಲೆಟ್‌ಗಳು ಸುಮಾರು 5 ದಿನಗಳಷ್ಟೇ ಉಳಿಯುತ್ತವೆ. ರಕ್ತ ನೀಡಲು ಸಿದ್ಧರಿರುವ ಯುವಕರ ಪಟ್ಟಿ ನಮ್ಮ ಎಷ್ಟು ಮಸೀದಿಗಳಲ್ಲಿದೆ?

ಆ ಬಾಲಕಿಯ ತಾಯಿ ಮೂರು ವಾರಗಳ ಬಳಿಕ ಯಾರ ಮಾತನ್ನೂ ಕೇಳದೆ ಮಗುವನ್ನೆತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತಿದರು. ಅಲ್ಲಾಹನು ಕರುಣೆ ತೋರಿದನು. ಹುಡುಗಿಗೀಗ 16 ವರ್ಷ; ಪಿಯುಸಿ ಓದುತ್ತಿದ್ದಾಳೆ. ಈಗ ಅದೇ ಬಂಧುಗಳು, “ಇವಳನ್ನು ಯಾರು ಮದುವೆಯಾಗುತ್ತಾರೆ? ವಿಷಯ ಮುಚ್ಚಿಡಿ” ಎನ್ನುತ್ತಿದ್ದಾರೆ. ಈ ರೋಗ ಅಂಟುವುದಿಲ್ಲ. ಸಾಮಾನ್ಯವಾಗಿ ಮಕ್ಕಳಿಗೂ ಹರಿಯುವುದಿಲ್ಲ. ಗುಣವಾದ ಅನೇಕರು ತಂದೆ ತಾಯಿಗಳಾಗಿದ್ದಾರೆ. ಕೆಲವು ಔಷಧಿಗಳು ಹೃದಯಕ್ಕೆ, ಮೂಳೆಗೆ ತಡವಾಗಿ ತೊಂದರೆ ಕೊಡಬಹುದಾದ್ದರಿಂದ ಇಂತಹವರು ನಿಯತವಾಗಿ ತಪಾಸಣೆಗೆ ಹೋಗುತ್ತಿರಬೇಕು. ನಾವು ಹೇರುವ ಮೌನ ಆ ತಪಾಸಣೆಯನ್ನೂ ತಪ್ಪಿಸುತ್ತದೆ. ಅಲ್ಲಾಹನು ಉಳಿಸಿಕೊಟ್ಟ ಜೀವವನ್ನು ಕಳಂಕವೆಂದು ಮುಚ್ಚಿಡುವುದು ಯಾವ ಶುಕ್ರ್?

ಖತೀಬರೇ, ಈ ವಿಷಯಕ್ಕೆ ಒಂದು ಜುಮಾ ಖುತ್ಬಾ ಮೀಸಲಿಡಿ. ಜಮಾಅತಿನ ಹಿರಿಯರೇ, ರೋಗಿ ಮಗುವಿರುವ ಮನೆಗೆ ಝಕಾತನ್ನು ನೀವೇ ತಲುಪಿಸಿ. ಆ ತಂದೆ ಮಸೀದಿಯ ಬಾಗಿಲಲ್ಲಿ ಕೈಚಾಚುವಂತಾಗದಿರಲಿ. ನನ್ನಂತಹ ಉಸ್ತಾದರೇ, ಸಬ್ರ್ ಮಾಡಿ ಎಂದ ಮೇಲೆ ಇನ್ನೊಂದು ಮಾತನ್ನೂ ಸೇರಿಸಿರಿ: ಚಿಕಿತ್ಸೆ ನಿಲ್ಲಿಸಬೇಡಿ, ನಾವು ಜೊತೆಗಿದ್ದೇವೆ.

ರೋಗದಲ್ಲಿರುವ ಎಲ್ಲ ಮಕ್ಕಳಿಗೂ ಅಲ್ಲಾಹನು ಶಿಫಾ ನೀಡಲಿ. ಆಮೀನ್.