ದೀಪಸ್ತಂಭಕ್ಕೆ ಎಷ್ಟು ದೊಡ್ಡ ಲೆನ್ಸ್ ಬೇಕು?

ಕಾಪುವಿನ ದೀಪಸ್ತಂಭಕ್ಕೆ ಪ್ರವಾಸ ಹೋಗಿ ಬಂದಂದಿನಿಂದ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಒಂದೇ ಹಂಬಲ: ಶಾಲೆಯ ಕ್ಯಾಮರಾಕ್ಕೆ 600 ಮಿ.ಮೀ. ಟೆಲಿಫೋಟೋ ಲೆನ್ಸ್ ಬೇಕೆಂದು. ಹಂಬಲ ಒಳ್ಳೆಯದೇ. ಆದರೆ ಅಷ್ಟು ದೊಡ್ಡದು ಬೇಡವೆಂದು ನಮ್ಮ ಅಭಿಪ್ರಾಯ.

ಲೆಕ್ಕ ಹಾಕಿ ನೋಡೋಣ. 1901ರಲ್ಲಿ ಕಟ್ಟಿದ ಆ ಗೋಪುರದ ಎತ್ತರ ಸುಮಾರು 27 ಮೀಟರು. ನಮ್ಮ ಕ್ಯಾಮರಾದೊಳಗೆ ಚಿತ್ರ ಮೂಡುವ ಫಲಕದ ಉದ್ದ ಸುಮಾರು 22 ಮಿ.ಮೀ. ಕ್ಯಾಮರಾವನ್ನು ನೆಟ್ಟಗೆ ತಿರುಗಿಸಿ ಹಿಡಿದರೆ, 250 ಮಿ.ಮೀ. ಲೆನ್ಸಿಗೆ ಸುಮಾರು 300 ಮೀಟರು ದೂರದಿಂದಲೇ ಇಡೀ ಗೋಪುರ ಚಿತ್ರ ತುಂಬಿ ನಿಲ್ಲುತ್ತದೆ. 600 ಮಿ.ಮೀ. ಆದರೆ 700 ಮೀಟರು ಹಿಂದೆ ಸರಿಯಬೇಕು. ಅಷ್ಟು ದೂರದಲ್ಲಿ, ಕಾದ ಮರಳಿನಿಂದೇಳುವ ಬಿಸಿಗಾಳಿಗೆ ಗೋಪುರವೇ ನಡುಗಿದಂತೆ ಕಾಣುವುದು. ಆ ದೋಷಕ್ಕೆ ಬೆಲೆಯ ಲೆನ್ಸಿನಲ್ಲಿ ಮದ್ದಿಲ್ಲ. ಬೆಳಗ್ಗೆ ಬೇಗ ಏಳುವುದೇ ಮದ್ದು. ಸೂರ್ಯನೂ ಆಗ ನಮ್ಮ ಬೆನ್ನ ಹಿಂದಿರುತ್ತಾನೆ.

ಆದುದರಿಂದ ಕೈನಡುಕ ತಡೆಯುವ ವ್ಯವಸ್ಥೆಯುಳ್ಳ 55-250 ಮಿ.ಮೀ. ಲೆನ್ಸ್ ಸಾಕು. ಒಬ್ಬರು ಬಳಸಿದ್ದಾದರೂ ಆದೀತು. ಆದರೆ ಕರಾವಳಿಯ ತೇವಕ್ಕೆ ಒಳಗೆ ಬೂಷ್ಟು ಹಿಡಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿಯೇ ಕೊಳ್ಳಬೇಕು. ಉಳಿದ ಹಣಕ್ಕೆ ಗಟ್ಟಿಯಾದ ಮುಕ್ಕಾಲಿ ಬರಲಿ.

ಇನ್ನೊಂದು ಮಾತು. ದುಬಾರಿ ಲೆನ್ಸ್ ಬಂದರೆ ಅದು ಕಪಾಟಿನಲ್ಲಿರುತ್ತದೆ, ಬೀಗದ ಕೈ ನಮ್ಮಂಥ ಅಧ್ಯಾಪಕರಲ್ಲಿರುತ್ತದೆ. ಅಗ್ಗದ್ದಾದರೆ ಎಂಟನೆಯ ತರಗತಿಯ ಮಗುವಿನ ಕೈಗೂ ಅಂಜದೆ ಕೊಡಬಹುದು. ಶಾಲೆಯ ವಸ್ತು ಮಕ್ಕಳ ಕೈಯಲ್ಲಿದ್ದರೇ ಸಾರ್ಥಕವಲ್ಲವೇ?